ಎಮ್ಮೆಯ ಬೆನ್ನ ಮೇಲಿನ ಕಡಲಹದ್ದು

೧೯೮೦ರ ಡಿಸೆಂಬರಿನಲ್ಲಿ ನಾನು ಒಂದು ದ್ವೀಪಕ್ಕೆ ಹೋಗಿದ್ದೆ. ಡೈರಿಯ ಪ್ರಕಾರ ಅಲ್ಲಿ ಇದ್ದದ್ದು ನಾಲ್ಕು ಗಂಟೆ ಹತ್ತು ನಿಮಿಷ. ಕಂಡ ಹಕ್ಕಿಗಳು ಹದಿನಾಲ್ಕು ಜಾತಿ. ತೆಗೆದ ಫೋಟೋ ಎಪ್ಪತ್ತೆರಡು. ಮೊದಲ ಎರಡು ಸಂಖ್ಯೆಗಳ ಬಗ್ಗೆ ಹೇಳುವುದೇನೂ ಇಲ್ಲ. ಮೂರನೆಯದರ ಬಗ್ಗೆ ಇದೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಪ್ರತಿ ಕಪಾಟಿಗೂ ಒಂದು ಕಾರ್ಡು ತೂಗುಹಾಕಿ, ಬಂದ ಬೋಲ್ಟು ಎಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆಯುವುದು ಕೆಲಸ. ಈ ಅಭ್ಯಾಸ ಭಾನುವಾರಗಳಿಗೂ ಹಬ್ಬಿತು. ಹೆಬ್ಬಾಳ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ಸೈಕಲ್ ನಿಲ್ಲಿಸಿ, ನೀರುಕೋಳಿ ಎಷ್ಟು, ಬಾತು ಎಷ್ಟು, ಮಿಂಚುಳ್ಳಿ ಎಷ್ಟು ಎಂದು ಎಣಿಸಿ ಡೈರಿಗೆ ಹಾಕುತ್ತಿದ್ದೆ. ಎಣಿಸಲಾಗದಷ್ಟು ಇದ್ದರೆ ಹತ್ತರ ಗುಂಪು ಮಾಡಿ ಎಣಿಸುತ್ತಿದ್ದೆ. 'ಬಹಳ' ಎಂಬ ಪದವನ್ನು ಡೈರಿಯಲ್ಲಿ ಎಲ್ಲಿಯೂ ಬಳಸಿಲ್ಲ.

ಹಕ್ಕಿ ನೋಡುವವರ ಒಂದು ಸಣ್ಣ ಬಳಗವಿತ್ತು. ಒಟ್ಟು ಹನ್ನೊಂದು ಜನ. ಅಧ್ಯಕ್ಷರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಆರ್.ಟಿ. ನಗರದಲ್ಲಿ ಮನೆ. ತಿಂಗಳ ಕೊನೆಯ ಭಾನುವಾರ ಅವರ ಹಾಲ್‌ನಲ್ಲಿ ಸಭೆ. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಆ ವರ್ಷ ಯಾರು ಎಲ್ಲಿ ಯಾವ ಹಕ್ಕಿ, ಯಾವ ಗೂಡು ಕಂಡರು ಎಂಬ ಪಟ್ಟಿ ಸೈಕ್ಲೋಸ್ಟೈಲ್ ಆಗಿ ಹೊರಬರುತ್ತಿತ್ತು. ಪಟ್ಟಿ ಬರೆಯುವವನು ನಾನು. ಹೊಸ ಗೂಡನ್ನು ಸೇರಿಸಬೇಕಾದರೆ ಫೋಟೋ ಇರಲೇಬೇಕು ಎಂಬುದು ನಿಯಮ. ಆ ನಿಯಮವನ್ನು ಸಭೆಯಲ್ಲಿ ಸೂಚಿಸಿದವನೂ ನಾನೇ.

ಬಳಗದಲ್ಲಿ ಕಾರ್ಖಾನೆಯವರು ಇಬ್ಬರೇ. ನಾನು ಒಬ್ಬ. ಇನ್ನೊಬ್ಬರು ನಮ್ಮಲ್ಲೇ ಫಿಟ್ಟರ್ ಆಗಿದ್ದ, ಧಾರವಾಡದ ಕಡೆಯಿಂದ ಬಂದು ಕ್ವಾರ್ಟರ್ಸಿನಲ್ಲಿ ನೆಲೆಸಿದ್ದ ಐವತ್ತರ ಹತ್ತಿರದ ಮನುಷ್ಯ. ಕ್ವಾರ್ಟರ್ಸಿನ ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ಇಂಗ್ಲಿಷ್ ಪುಸ್ತಕ ಓದಲು ಬರುತ್ತಿರಲಿಲ್ಲ. ಆದರೆ ಹಾರುವ ಹಕ್ಕಿಯ ರೆಕ್ಕೆ ಬಡಿತ ನೋಡಿಯೇ ಇಂಥದ್ದು ಎನ್ನುತ್ತಿದ್ದರು. ನಾನು ದುರ್ಬೀನು ಸರಿಮಾಡಿಕೊಂಡು ಪುಸ್ತಕ ತೆರೆಯುವ ಹೊತ್ತಿಗೆ ಅವರು ಮುಂದಿನ ಹಕ್ಕಿಗೆ ಹೋಗಿರುತ್ತಿದ್ದರು.

ಕಾಕಾ ಪ್ರಾಯದಲ್ಲಿ ಭಟ್ಕಳದ ಕಡೆ ಒಂದು ಸೇತುವೆ ಕೆಲಸಕ್ಕೆ ಹೋಗಿದ್ದರಂತೆ. ಆಗ ಮೀನುಗಾರರ ದೋಣಿಯಲ್ಲಿ ಒಂದು ದ್ವೀಪಕ್ಕೆ ಹೋಗಿ, ಅಲ್ಲಿ ಕಡಲಹದ್ದಿನ ಗೂಡು ನೋಡಿದ್ದರು. ಬಿಳಿ ಹೊಟ್ಟೆ, ಬೂದು ಬೆನ್ನು, ಬೆಣೆಯಂಥ ಮೋಟು ಬಾಲ, ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಗೂಡು. ಈ ಮಾತನ್ನು ಅವರು ಮೂರು ವರ್ಷದ ಹಿಂದೆ ಒಂದು ಸಭೆಯಲ್ಲಿ ಹೇಳಿದ್ದರು. ಅಧ್ಯಕ್ಷರು ನಕ್ಕು, "ಗರುಡ ಇರ್ಬೇಕು ಬಿಡಿ. ಗರುಡನಿಗೂ ಎದೆ ಬಿಳಿ. ದೂರದಿಂದ ಎಲ್ರಿಗೂ ಹಾಗೇ ಕಾಣ್ಸುತ್ತೆ" ಎಂದಿದ್ದರು.

"ಗರುಡ ನಮ್ಮೂರಾಗೂ ಅದಾವ್ರೀ ಸರ. ಅದು ಕೆಂಪ ಇರ್ತದ. ಇದು ಬೂದಿ ಬಣ್ಣ" ಎಂದು ಕಾಕಾ ಹೇಳಿದರು.

"ಬಿಸಿಲಿಗೆ ಬಣ್ಣ ಬದಲಾಗುತ್ತೆ ಯಜಮಾನ್ರೇ."

ಅಲ್ಲಿಂದ ಮುಂದೆ ಕಾಕಾ ಯಾವುದೇ ಹಕ್ಕಿಯ ಹೆಸರು ಹೇಳಲಿ, ಯಾರಾದರೊಬ್ಬರು "ಇದೂ ಕಡಲಹದ್ದೇನಾ ಯಜಮಾನ್ರೇ?" ಎನ್ನುವುದು ರೂಢಿಯಾಯಿತು. ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಆದರೆ ಮೂರು ವರ್ಷ ಹೇಳಿದರು. ಕಾಕಾ ಸಭೆಯಲ್ಲಿ ಬಾಯಿ ತೆರೆಯುವುದು ಕಡಿಮೆಯಾದದ್ದನ್ನು ನಾನು ಗಮನಿಸಿದ್ದೆ. ಮೊದಲ ವರ್ಷ ಅವರ ಹೆಸರಿನಲ್ಲಿ ಪಟ್ಟಿಗೆ ಬಂದ ಸಾಲುಗಳು ಇಪ್ಪತ್ತಾರು. ಎರಡನೇ ವರ್ಷ ಹನ್ನೊಂದು. ಮೂರನೇ ವರ್ಷ ನಾಲ್ಕು.

ದ್ವೀಪಕ್ಕೆ ಹೋಗೋಣ ಎಂದು ಹೇಳಿದ್ದು ಅವರೇ. "ಫೋಟೋ ಬೇಕಂತಲ್ಲ ಇವರಿಗೆ. ತಂದು ಕೈಯಾಗ ಇಡೋಣು. ನೀ ಬಾರೋ ತಮ್ಮಾ, ಬರಕೊಳ್ಳಾಕ ಒಬ್ಬಂವ ಬೇಕು."

ಬಳಗಕ್ಕೆ ಒಂದೇ ಕ್ಯಾಮೆರಾ ಇತ್ತು. ಉದ್ದನೆಯ ಲೆನ್ಸೂ ಒಂದೇ. ಸರದಿಯ ಮೇಲೆ ಒಬ್ಬೊಬ್ಬರಿಗೆ ಎರಡು ವಾರ. ಫಿಲ್ಮು ನೂರು ಅಡಿಯ ಉರುಳೆಯಾಗಿ ವರ್ಷಕ್ಕೊಮ್ಮೆ ಬರುತ್ತಿತ್ತು. ಅದನ್ನು ಕತ್ತರಿಸಿ ತುಂಬುವ ಕೆಲಸ ನನ್ನದು ಮತ್ತು ಕಾಕಾರದು. ಅವರ ಬಚ್ಚಲಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಕತ್ತಲಲ್ಲಿ ಕಾಕಾ ಎರಡೂ ತೋಳು ಚಾಚಿ ಫಿಲ್ಮನ್ನು ಅಳೆಯುತ್ತಿದ್ದರು. ಒಂದು ಮಾರು, ಅದರಲ್ಲಿ ಒಂದು ಗೇಣು ಕಡಿಮೆ. ಅಷ್ಟಕ್ಕೆ ಸರಿಯಾಗಿ ಮೂವತ್ತಾರು ಫೋಟೋ. ಅದನ್ನು ಹಳೇ ಡಬ್ಬಿಗಳಿಗೆ ಸುತ್ತುತ್ತಿದ್ದೆವು. ಡಬ್ಬಿ ಎಂದರೆ ಹೆಬ್ಬೆರಳಿನಷ್ಟು ದಪ್ಪದ ಲೋಹದ ಕೊಳವೆ. ಅದರ ಬಾಯಿಂದ ಫಿಲ್ಮಿನ ತುದಿ ನಾಲಿಗೆಯಂತೆ ಹೊರಗೆ ಚಾಚಿರುತ್ತದೆ. ಅದನ್ನು ಹಿಡಿದೇ ಕ್ಯಾಮೆರಾದೊಳಗೆ ಸಿಕ್ಕಿಸಬೇಕು.

ಫೋಟೋ ತೆಗೆದು ಮುಗಿದ ಮೇಲೆ ಎಲ್ಲರೂ ನಾಲಿಗೆಯನ್ನು ಪೂರ್ತಿ ಒಳಗೆ ಸುತ್ತಿಬಿಡುತ್ತಾರೆ, ಇಲ್ಲವೇ ಮೂಲೆ ಹರಿದು ಗುರುತು ಮಾಡುತ್ತಾರೆ. ನಾನು ಹಾಗೆ ಮಾಡುತ್ತಿರಲಿಲ್ಲ. ನಮ್ಮ ಸರದಿ ಮುಗಿಯುವಾಗ ಡಬ್ಬಿಯಲ್ಲಿ ನಾಲ್ಕೈದು ಫೋಟೋಗೆ ಜಾಗ ಉಳಿದಿದ್ದರೆ, ನಾಲಿಗೆ ಹೊರಗಿರುವಂತೆಯೇ ಹಿಂದಕ್ಕೆ ಸುತ್ತಿ, ಡಬ್ಬಿಗೆ ಅಂಟುಪಟ್ಟಿ ಹಚ್ಚಿ, 'ಏಳು: ಮೂವತ್ತೊಂದು ಆಗಿದೆ, ಐದು ಬಾಕಿ' ಎಂದು ಬರೆಯುತ್ತಿದ್ದೆ. ಮುಂದಿನ ಸರದಿಯಲ್ಲಿ ಮುಚ್ಚಳ ಹಾಕಿದ ಲೆನ್ಸಿನೊಂದಿಗೆ ಮೂವತ್ತೊಂದು ಸಲ ಸುಮ್ಮನೆ ಒತ್ತಿ, ಬಾಕಿ ಐದನ್ನು ಬಳಸುವುದು. ಒಂದು ಇಂಚು ಫಿಲ್ಮೂ ನಷ್ಟವಾಗದ ಈ ಕ್ರಮ ನನ್ನದೇ. ಬಳಗದ ಬೇರೆಯವರಿಗೆ ಇದು ತಲೆನೋವು ಎನಿಸಿತ್ತು.

ಭಟ್ಕಳಕ್ಕೆ ನಾವು ಒಯ್ದದ್ದು ಮೂರು ಡಬ್ಬಿ. ಎಂಟು ಮತ್ತು ಒಂಬತ್ತು ಹೊಸವು, ಅಂಟುಪಟ್ಟಿಯ ಮೇಲೆ ಸಂಖ್ಯೆ ಮಾತ್ರ. ಏಳು, ಹೆಬ್ಬಾಳ ಕೆರೆಯಲ್ಲಿ ಮೂವತ್ತೊಂದು ಮುಗಿದು ಐದು ಬಾಕಿ ಇದ್ದದ್ದು. ಮೂರನ್ನೂ ಕಾಕಾರ ಅಲ್ಯುಮಿನಿಯಂ ಊಟದ ಡಬ್ಬಿಯಲ್ಲಿಟ್ಟೆ.

ದೋಣಿ ಹೊರಟದ್ದು ಬೆಳಿಗ್ಗೆ ಆರು ಗಂಟೆಗೆ. ದೋಣಿಯವನು ನಲವತ್ತರ ಸುಮಾರಿನ ಮೀನುಗಾರ. ನಾವು ಯಾಕೆ ಹೋಗುತ್ತಿದ್ದೇವೆಂದು ಕೇಳಿ ತಿಳಿದುಕೊಂಡ.

"ಹದ್ದಿನ ಫೋಟೋ ತೆಗೆಯೂಕೆ ಬೆಂಗಳೂರಿಂದ ಬಂದ್ರಾ?"

"ಹೌದಪಾ" ಎಂದರು ಕಾಕಾ.

"ಎಂತಕ್ಕೆ ಮಾರಾಯ್ರೇ? ಅದು ಅಲ್ಲೇ ಉಂಟಲ್ಲ. ನಮ್ಮ ಅಜ್ಜನ ಕಾಲದಿಂದ ಅಲ್ಲೇ ಉಂಟು."

"ಅದು ನಿನಗ ಗೊತ್ತು, ನನಗ ಗೊತ್ತು. ನಮ್ಮ ಪ್ರೊಫೆಸರ್‌ಗೆ ಗೊತ್ತಿಲ್ಲ."

"ಹಾಗಾದ್ರೆ ಅವ್ರನ್ನೇ ಕರ್ಕೊಂಡು ಬರೂದಲ್ವಾ?"

ಕಾಕಾ ಜೋರಾಗಿ ನಕ್ಕರು. ಆ ಮಾತು ಸರಿಯೇ ಇತ್ತು. ನಮಗೆ ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ.

ಕರಾವಳಿ ಹಿಂದೆ ಸರಿಯಿತು. ತೆಂಗಿನ ಸಾಲು ಮೊದಲು ಒಂದು ಹಸಿರು ಗೆರೆಯಾಯಿತು, ಆಮೇಲೆ ಗೆರೆಯೂ ಇಲ್ಲ, ಅದರ ಹಿಂದಿನ ಘಟ್ಟ ಮಾತ್ರ ನೀಲಿಯಾಗಿ ಉಳಿಯಿತು. ನಾನು ಎಂಟನೇ ಡಬ್ಬಿಯನ್ನು ಹಾಕಿ ಕಡಲಕಾಗೆಗಳನ್ನು, ದೂರದ ಬಲೆದೋಣಿಗಳನ್ನು, ಹತ್ತಿರವಾಗುತ್ತಿದ್ದ ದ್ವೀಪವನ್ನು ತೆಗೆದೆ. ಪ್ರತಿ ಫೋಟೋಗೂ ಡೈರಿಯಲ್ಲಿ ಒಂದು ಸಾಲು. ದ್ವೀಪ ನೀರಿನಿಂದ ನೇರವಾಗಿ ಎದ್ದ ಬಂಡೆ. ಕೆಳಗೆ ಕಪ್ಪು, ನಡುವೆ ಹಕ್ಕಿಗಳ ಹಿಕ್ಕೆಯಿಂದ ಬಿಳಿ, ಮೇಲೆ ಕುರುಚಲು ಕಾಡು. ಇಳಿಯಲು ಮರಳಿಲ್ಲ. ಅಲೆ ಮೇಲೆತ್ತಿದಾಗ ಬಂಡೆಗೆ ಹಾರಬೇಕು. ಕಾಕಾ ಹಾರಿದರು. ನಾನು ಹಾರುವಾಗ ಅಲೆ ಒಂದು ಕ್ಷಣ ಮೊದಲೇ ಇಳಿಯಿತು, ಮೊಣಕಾಲು ಬಂಡೆಗೆ ಬಡಿದು ಚೀಲದ ಸಮೇತ ಸೊಂಟದವರೆಗೆ ನೀರಿಗೆ ಹೋದೆ. ಕ್ಯಾಮೆರಾ ಕಾಕಾರ ಕೊರಳಲ್ಲಿತ್ತು. ಚೀಲದಲ್ಲಿದ್ದದ್ದು ಊಟದ ಡಬ್ಬಿ. ಸಮಯ ಒಂಬತ್ತು ಇಪ್ಪತ್ತು.

ಮೇಲೆ ಹತ್ತಲು ದಾರಿಯಿರಲಿಲ್ಲ. ಮೀನುಗಾರರು ಹರಕೆಗೆಂದು ತಂದು ಬಿಟ್ಟ ಆಡುಗಳು ಅಲ್ಲಿ ಕಾಡಾಡುಗಳಾಗಿ ತಿರುಗುತ್ತಿದ್ದವು, ಅವು ತುಳಿದ ಜಾಡೇ ದಾರಿ. ಆಡು ಒಂಬತ್ತು ಕಂಡವು. ಅರ್ಧ ಹತ್ತಿದಾಗ ಎಂಟನೇ ಡಬ್ಬಿಯ ಮೂವತ್ತಾರೂ ಮುಗಿದವು. ಕಾಕಾ ಮುಂದೆ ಹೋಗುತ್ತಿದ್ದರು. ತಟ್ಟನೆ ನಿಂತು, ಕೈಯನ್ನು ಹಿಂದಕ್ಕೆ ಚಾಚಿ, ನನ್ನನ್ನು ತಡೆದರು.

ಗೂಡು ನಮಗಿಂತ ಸ್ವಲ್ಪ ಕೆಳಗೆ, ಬಂಡೆಯ ಅಂಚಿನಲ್ಲಿದ್ದ ಮರದ ಕವಲಿನಲ್ಲಿತ್ತು. ಕಾಕಾ ಹೇಳುತ್ತಿದ್ದಷ್ಟೇ ಅಗಲ. ಅದರೊಳಗೆ ಕಂದುಬಣ್ಣದ ಒಂದು ಮರಿ. ಗೂಡಿನ ಅಂಚಿನಲ್ಲಿ ತಾಯಿಯೋ ತಂದೆಯೋ, ನಮ್ಮ ಕಡೆ ಬೆನ್ನು ಹಾಕಿ ಕೂತಿತ್ತು. ಬೆನ್ನು ಬೂದು. ತಿರುಗಿ ನೋಡಿದಾಗ ತಲೆ, ಎದೆ, ಹೊಟ್ಟೆ ಎಲ್ಲ ಬಿಳಿ. ಗರುಡನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮರದ ಬುಡದ ಬಂಡೆಯ ಮೇಲೆ ಹಾವಿನ ಬೆನ್ನೆಲುಬುಗಳು ಒಣಗಿ ಬಿದ್ದಿದ್ದವು.

ಕಾಕಾ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆಯಾಡಿಸಿದೆ.

ನಾನು ಕೂತು ಊಟದ ಡಬ್ಬಿ ತೆರೆದೆ. ಒಳಗೆ ಬೆರಳ ದಪ್ಪದಷ್ಟು ಉಪ್ಪುನೀರು ನಿಂತಿತ್ತು. ಅಂಟುಪಟ್ಟಿಗಳೆರಡೂ ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತಿದ್ದವು. ಶಾಯಿ ಹರಡಿತ್ತು. ಪಕ್ಕದಲ್ಲಿ ಎರಡು ಡಬ್ಬಿಗಳು, ಎರಡಕ್ಕೂ ನಾಲಿಗೆ ಹೊರಗೆ. ಅದೃಷ್ಟಕ್ಕೆ ನೀರು ಅವುಗಳ ಬಾಯಿಯವರೆಗೆ ಏರಿರಲಿಲ್ಲ. ಒಂದು ಹೊಸದು, ಒಂದು ಹೆಬ್ಬಾಳದ್ದು.

ಎರಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ನಾಲಿಗೆಗಳನ್ನು ಹೋಲಿಸಿದೆ. ಒಂದರ ನಾಲಿಗೆ ತುಸು ಬಾಗಿದಂತೆ ಕಂಡಿತು. ಒಮ್ಮೆ ಬಳಸಿದ್ದು ಬಾಗಿರುತ್ತದೆ, ಆದ್ದರಿಂದ ಇನ್ನೊಂದು ಹೊಸದು ಎಂದು ತೀರ್ಮಾನಿಸಿದೆ. ಎರಡು ನಿಮಿಷವೂ ಆಗಿರಲಿಲ್ಲ.

"ಏನೋ ತಮ್ಮಾ, ತಡಾ?" ಎಂದು ಕಾಕಾ ಪಿಸುಗುಟ್ಟಿದರು.

"ಏನಿಲ್ಲ ಕಾಕಾ. ಹಾಕ್ತಿದೀನಿ."

ಡೈರಿಯಲ್ಲಿ 'ಡಬ್ಬಿ ಒಂಬತ್ತು' ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ಫೋಟೋ ತೆಗೆದವರು ಕಾಕಾ. ಒಂದೊಂದಕ್ಕೂ ಉಸಿರು ಹಿಡಿದು ಕಾಯುತ್ತಿದ್ದರು. ಹದ್ದು ಹಾರಿಹೋಗಿ ಮೀನು ಹಿಡಿದು ಬಂದದ್ದು ಹನ್ನೊಂದನೆಯದು. ಮರಿ ಬಾಯಿ ತೆರೆದದ್ದು ಹದಿನಾಲ್ಕು. ಎರಡೂ ದೊಡ್ಡ ಹದ್ದುಗಳು ಒಟ್ಟಿಗೆ ಇದ್ದದ್ದು ಇಪ್ಪತ್ತರಿಂದ ಇಪ್ಪತ್ತಮೂರು. ಮೂವತ್ತಾದಾಗ ಅವರು ಕ್ಯಾಮೆರಾ ನನ್ನ ಕೈಗೆ ಕೊಟ್ಟರು. "ಸಾಕು. ಒಂದ ಗೂಡಿಗೆ ಎಷ್ಟು? ಉಳದದ್ದು ನೀ ತಗಿ, ಸಮುದ್ರದ್ದು." ಕೆಳಗಿನಿಂದ ದೋಣಿಯವನು ಕೂಗುತ್ತಿದ್ದ. "ಹೊರಡ್ವ! ಗಾಳಿ ತಿರುಗ್ತದೆ!" ಇನ್ನೊಂದು ಡಬ್ಬಿ ಇದೆ, ಅದನ್ನೂ ಹಾಕಿ ಹತ್ತು ತೆಗೆಯೋಣ ಎಂದು ಹೇಳಲು ಅದೇ ಸಮಯ. ಹೇಳಬೇಕಾದರೆ ಕಾರಣವನ್ನೂ ಹೇಳಬೇಕಿತ್ತು. ನಾನು ಬಂಡೆಯ ಅಂಚನ್ನು ಒಂದು, ಇಳಿಯುವಾಗ ಕಾಕಾರನ್ನು ಒಂದು, ದೋಣಿಯಿಂದ ದ್ವೀಪವನ್ನು ನಾಲ್ಕು ತೆಗೆದೆ. ಒಂದೂವರೆಗೆ ಹೊರಟೆವು.

ದಾರಿಯುದ್ದಕ್ಕೂ ಕಾಕಾ ಮಾತಾಡುತ್ತಲೇ ಇದ್ದರು. ಮುಂದಿನ ಸಭೆಯಲ್ಲಿ ಫೋಟೋಗಳನ್ನು ಯಾವ ಕ್ರಮದಲ್ಲಿ ಮೇಜಿನ ಮೇಲೆ ಇಡಬೇಕೆಂದು ಯೋಚಿಸಿದ್ದರು. ಮೊದಲು ಬೆನ್ನು, ಆಮೇಲೆ ಹೊಟ್ಟೆ, ಕೊನೆಗೆ ಮೀನು.

ಫಿಲ್ಮು ತೊಳೆಯಲು ಕೊಟ್ಟದ್ದು ಯಶವಂತಪುರ ಮಾರುಕಟ್ಟೆಯ ಹತ್ತಿರದ ಒಂದು ಸ್ಟುಡಿಯೋಗೆ. ಅಲ್ಲಿಯ ಹುಡುಗ ನನ್ನ ವಯಸ್ಸಿನವನೇ. ಬುಧವಾರ ಸಂಜೆ ಹೋದಾಗ ಅವನು ನೆಗೆಟಿವನ್ನು ಬಲ್ಬಿಗೆ ಹಿಡಿದು ತೋರಿಸಿದ.

"ಡಬಲ್ ಆಗೋಗಿದೆ ಗುರು. ಒಂದರ ಮೇಲೆ ಒಂದು. ಯಾವ್ದೋ ಕೆರೆ ಇದೆ ನೋಡು ಇಲ್ಲಿ."

ಕೆರೆ ಹೆಬ್ಬಾಳದ್ದು. ನಾನು ನೋಡಿದ ಕೂಡಲೇ ಗುರುತಿಸಿದೆ. ಪ್ರಿಂಟ್ ಹಾಕಿಸಿದೆ. ಮೂವತ್ತೊಂದರಲ್ಲಿ ದ್ವೀಪ ಮತ್ತು ಹೆಬ್ಬಾಳ ಒಂದರೊಳಗೊಂದು ಇದ್ದವು. ಬಂಡೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು, ಕಡಲಲ್ಲಿ ನೀರುಕೋಳಿಗಳ ಸಾಲು, ಹದ್ದಿನ ರೆಕ್ಕೆಯ ಮೂಲಕ ಹಾದುಹೋದ ವಿದ್ಯುತ್ ತಂತಿ. ಕೊನೆಯ ಐದು ಸ್ಪಷ್ಟವಾಗಿದ್ದವು. ಜಾಡಿನಲ್ಲಿ ಬೆನ್ನು ತೋರಿಸಿ ಇಳಿಯುತ್ತಿರುವ ಕಾಕಾ, ಮತ್ತೆ ದೂರವಾಗುತ್ತಿರುವ ದ್ವೀಪ, ನಾಲ್ಕು ಸಲ.

ಕ್ವಾರ್ಟರ್ಸಿಗೆ ಹೋಗಿ ಕಾಕಾರ ಮುಂದೆ ಇಟ್ಟು, ಅಂಟುಪಟ್ಟಿ ಒದ್ದೆಯಾಗಿ ಬಿಟ್ಟುಹೋಗಿ ಡಬ್ಬಿ ಅದಲುಬದಲಾಯಿತು ಎಂದಷ್ಟೇ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಅವರ ಹೆಂಡತಿ ಮತ್ತು ಪಿಯುಸಿ ಓದುತ್ತಿದ್ದ ಮಗಳು ಹಿಂದೆ ನಿಂತು ಬಗ್ಗಿ ನೋಡಿದರು. ಒಂದರಲ್ಲಿ ಕೆರೆಯಲ್ಲಿ ಮಲಗಿದ್ದ ಎಮ್ಮೆಯ ಬೆನ್ನಿನ ಮೇಲೆ ಸರಿಯಾಗಿ ಗೂಡು ಕೂತಿತ್ತು, ಮರಿಯ ಸಮೇತ.

"ಎಮ್ಮಿ ಮ್ಯಾಲ ಗೂಡು ಕಟ್ಟೇದ ನೋಡ" ಎಂದರು ಕಾಕಾ. ಮಗಳಿಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನನಗೆ ಚಹಾ ಕೊಟ್ಟರು. "ಒದ್ದೆ ಆಗಿ ಪಟ್ಟಿ ಕಿತ್ತಾವು. ನೀ ಏನ್ ಮಾಡ್ತೀ? ಇರ್ಲಿ. ಹದ್ದು ಕಾಣಸ್ತದಲ್ಲ, ಅಷ್ಟು ಸಾಕು. ಒಯ್ಯೋಣು."

ಅಂಟುಪಟ್ಟಿ ಕಿತ್ತುಬಂದದ್ದು ನನಗೆ ದ್ವೀಪದಲ್ಲಿಯೇ ಗೊತ್ತಿತ್ತು ಎಂದು ನಾನು ಆಗಲೂ ಹೇಳಲಿಲ್ಲ. ಮನೆಗೆ ಬಂದು ಚೀಲ ಬಿಚ್ಚಿದಾಗ ಗೊತ್ತಾಯಿತು ಎಂದು ಅವರು ತಿಳಿದುಕೊಂಡಿದ್ದರು.

ಸಭೆ ಆ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಎಂಟು ಜನ ಬಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಫೋಟೋಗಳನ್ನು ತಾವು ಯೋಚಿಸಿದ್ದ ಕ್ರಮದಲ್ಲೇ ಇಟ್ಟರು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವರು ಅನ್ಯಾಯದ ಮನುಷ್ಯರಲ್ಲ.

"ಹಕ್ಕಿ ಬೂದು ಬಣ್ಣ ಅಂತ ಕಾಣುತ್ತೆ. ಆದ್ರೆ ಇಲ್ಲಿ ಎಲ್ಲವೂ ಬೂದುಬಣ್ಣಾನೇ" ಎಂದರು. ಫೋಟೋ ಕಪ್ಪು ಬಿಳುಪಿನದು. "ಬಾಲ ಇರೋ ಕಡೆ ಎಮ್ಮೆ ಕೊಂಬು ಬಂದಿದೆ. ನಾನು ಇದನ್ನ ಏನಂತ ಒಪ್ಕೊಳ್ಳಲಿ?"

"ಕಡಲಹದ್ದೋ ಕೆರೆಹದ್ದೋ?" ಎಂದು ಹಿಂದಿನಿಂದ ಯಾರೋ ಅಂದರು. ಇಬ್ಬರು ನಕ್ಕರು.

"ಇಂವ ನೋಡ್ಯಾನ್ರೀ ಸರ" ಎಂದು ಕಾಕಾ ನನ್ನ ಕಡೆ ಕೈ ತೋರಿಸಿದರು. "ಇಂವ ಸುಳ್ಳ ಬರಿಯೂದಿಲ್ಲ. ಡೈರಿ ನೋಡ್ರಿ, ಒಂದೊಂದು ಫೋಟೋಕ್ಕೂ ಬರದಾನ."

ಅಧ್ಯಕ್ಷರು ಕೈ ಚಾಚಿದರು. ನಾನು ಡೈರಿ ಕೊಟ್ಟೆ. ಅವರು ಆ ಪುಟ ಓದಿ, "ಇದ್ರಲ್ಲಿ ಡಬ್ಬಿ ಒಂಬತ್ತು ಅಂತ ಇದೆ. ಒಂಬತ್ತು ಹೊಸಾದಲ್ವಾ? ತಪ್ಪು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

ಸ್ಟುಡಿಯೋದಲ್ಲಿ ಎಂದರೆ ಸಾಕಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ದ್ವೀಪದಲ್ಲೇ ಅನುಮಾನ ಇತ್ತು ಸಾರ್" ಎಂದೆ. "ಪಟ್ಟಿ ಎರಡೂ ಬಿಟ್ಟುಹೋಗಿದ್ವು. ಯಾವ್ದು ಹೊಸದು ಅಂತ ಗೊತ್ತಾಗ್ಲಿಲ್ಲ. ಊಹೆ ಮಾಡಿ ಹಾಕ್ದೆ. ಬರೆಯೋವಾಗ ಒಂಬತ್ತು ಅಂತಾನೇ ಬರೆದೆ."

ಅಧ್ಯಕ್ಷರು ಡೈರಿಯನ್ನು ಮುಚ್ಚಿ ವಾಪಸು ಕೊಟ್ಟರು. "ಊಹೇನ ಊಹೆ ಅಂತ ಬರೀದೇ ಹೋದ್ರೆ, ಉಳಿದ ಪುಟಗಳನ್ನ ನಾನು ಹೇಗೆ ನಂಬ್ಲಿ ಹೇಳು" ಎಂದರು. ಕೋಪದಲ್ಲಿ ಹೇಳಲಿಲ್ಲ. ಆಮೇಲೆ ಮಾಕಳಿ ಕಡೆಯ ಹೊಲಗಳಲ್ಲಿ ಯಾರೋ ಕಂಡ ಗೌಜಲಹಕ್ಕಿಗಳ ವಿಷಯ ತೆಗೆದುಕೊಂಡರು. ಕಾಕಾ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ ಲಕೋಟೆಗೆ ಹಾಕಿಕೊಂಡರು.

ಮರಳುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಮೇಖ್ರಿ ಸರ್ಕಲ್ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಅಲ್ಲೇ ಯಾಕ ಹೇಳ್ಲಿಲ್ಲ?" ಎಂದರು.

ನಾನು ಟಿಕೆಟ್ಟನ್ನು ಮಡಚತೊಡಗಿದೆ.

"ಹೇಳಿದ್ದರ ಎರಡೂ ಡಬ್ಬಿ ಹಾಕಿ ತಗೀತಿದ್ವಿ. ಹದಿನೈದು ಅದರಾಗ, ಹದಿನೈದು ಇದರಾಗ. ದೋಣಿಯಂವ ಒಂದ ತಾಸು ಬೈತಿದ್ದ, ಬೈಸಿಕೊಳ್ತಿದ್ವಿ."

"ತಪ್ಪಾಯ್ತು ಕಾಕಾ."

"ಡಬ್ಬಿ ತಪ್ಪಾಗೂದು ದೊಡ್ಡದಲ್ಲೋ" ಎಂದರು. ದ್ವೀಪದಲ್ಲಿ ನಾನು ಹೇಳದಿರಲು ಕಾರಣ ಡೈರಿಯಲ್ಲಿ ಇಲ್ಲ. ಈಗ ಯೋಚಿಸಿದರೆ, ನನ್ನ ಕ್ರಮದಲ್ಲಿ ತಪ್ಪಿದೆ ಎಂದು ಅವರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ, ಅರ್ಧಕ್ಕರ್ಧ ಅದೃಷ್ಟವನ್ನು ನಂಬುವುದು ನನಗೆ ಸುಲಭವೆನಿಸಿರಬೇಕು.

ಮಾರ್ಚಿನ ಪಟ್ಟಿಯಲ್ಲಿ ಕಡಲಹದ್ದು ಇರಲಿಲ್ಲ. ಕಾಕಾರ ಹೆಸರೂ ಇರಲಿಲ್ಲ. ಅವರು ಯಾವ ಸಾಲನ್ನೂ ಕೊಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಮಾತಾಡುತ್ತಿದ್ದರು. ಮುಂದಿನ ಉರುಳೆ ಬಂದಾಗ ಫಿಲ್ಮು ತುಂಬಲು ಕರೆದರು, ಬಚ್ಚಲಮನೆಯ ಕತ್ತಲಲ್ಲಿ ಮಾರು ಅಳೆದರು, ಹದಿನೆಂಟು ಡಬ್ಬಿ ಆದವು. ಅದರಲ್ಲಿ ಎರಡನ್ನು ತಮ್ಮ ಕಡೆಗೆ ಇಟ್ಟುಕೊಂಡರು.

ಡಿಸೆಂಬರಿನಲ್ಲಿ ಅವರು ಒಂದು ವಾರ ರಜೆ ಹಾಕಿದ್ದು ನನಗೆ ಸ್ಟೋರ್ಸಿನಲ್ಲಿ ತಿಳಿಯಿತು. ಮತ್ತೆ ದ್ವೀಪಕ್ಕೆ ಹೋಗಿದ್ದರು. ಬರೆದುಕೊಳ್ಳಲು ಮಗಳನ್ನು ಕರೆದುಕೊಂಡು ಹೋಗಿದ್ದರು. ಆ ಹುಡುಗಿಗೆ ಹಕ್ಕಿಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ, ಸಮುದ್ರ ನೋಡಲು ಹೋಗಿದ್ದಳು. ಎರಡೂ ಡಬ್ಬಿಯಲ್ಲಿ ತೆಗೆದರು, ಎರಡೂ ಸ್ಪಷ್ಟವಾಗಿ ಬಂದವು. ಸಭೆಯಲ್ಲಿ ಅಧ್ಯಕ್ಷರು ಒಂದೇ ಫೋಟೋ ನೋಡಿ ಭೂತಗನ್ನಡಿಯನ್ನು ಕೆಳಗಿಟ್ಟರು. ಎದ್ದು ನಿಂತು ಕಾಕಾರ ಕೈ ಕುಲುಕಿ, "ನಾಲ್ಕು ವರ್ಷ ನಿಮ್ಗೆ ತೊಂದ್ರೆ ಕೊಟ್ವಿ" ಎಂದರು. ಕಾಕಾ "ಇರ್ಲಿ ಬಿಡ್ರಿ ಸರ" ಎಂದು ಕೂತರು. ಆ ದಿನ ಅವರು ಇನ್ನೂ ಆರು ಹಕ್ಕಿಗಳ ಬಗ್ಗೆ ಮಾತಾಡಿದರು. ನಾನು ಆರನ್ನೂ ಬರೆದುಕೊಂಡೆ.

ಮಾರ್ಚಿನಲ್ಲಿ ಸ್ಟೆನ್ಸಿಲ್ ಟೈಪ್ ಮಾಡಲು ಕೂತೆ. ಕಡಲಹದ್ದಿನ ಸಾಲು ಗೂಡುಗಳ ಭಾಗದಲ್ಲಿ ಮೊದಲನೆಯದಾಗಿತ್ತು. ಗೂಡು ಒಂದು, ದೊಡ್ಡ ಹದ್ದು ಎರಡು, ಮರಿ ಒಂದು. ಮೊದಲು ಕಂಡದ್ದು: ೧೯೮೧, ಡಿಸೆಂಬರ್. ಕಂಡವರು: ಇಬ್ಬರು. ಆ ಇಬ್ಬರ ಹೆಸರನ್ನೂ ತಂದೆ, ಮಗಳು ಎಂಬ ಕ್ರಮದಲ್ಲಿ ಟೈಪ್ ಮಾಡಿ, ಕಾಗುಣಿತ ಎರಡು ಸಲ ಪರೀಕ್ಷಿಸಿ, ಮುಂದಿನ ಸಾಲಿಗೆ ಹೋದೆ.